ಒರಗುವ ಸೋಫಾಗೆ ಹೊಸ ಅಂಗಿ

ರಿಕ್ಲೈನರ್ ಸೋಫಾ ಹಾಳಾಗುತ್ತಿದೆ ಎಂಬುದು ಮನೆಯಲ್ಲಿ ಮೊದಲು ಗೊತ್ತಾಗುವುದು ಕಸ ಗುಡಿಸುವವರಿಗೆ. ನೆಲದ ಮೇಲೆ ಕಂದು ಇಲ್ಲವೇ ಕಪ್ಪು ಬಣ್ಣದ ಸಣ್ಣ ಹಕ್ಕಳೆಗಳು. ಗುಡಿಸಿದಷ್ಟೂ ಮರುದಿನ ಮತ್ತೆ. ಆಮೇಲೆ ಅವು ಬಿಳಿ ಪಂಚೆಗೆ ಅಂಟುತ್ತವೆ, ಮಗುವಿನ ಬೆನ್ನಿಗೆ ಅಂಟುತ್ತವೆ, ಬಂದ ನೆಂಟರ ರೇಷ್ಮೆ ಸೀರೆ ಹತ್ತಿ ಮದುವೆ ಮನೆಯವರೆಗೂ ಹೋಗುತ್ತವೆ. ಅಷ್ಟು ಹೊತ್ತಿಗೆ ತಲೆ ಇಡುವ ಜಾಗ, ಕೈ ಇಡುವ ಜಾಗ, ಕಾಲು ಚಾಚುವ ಹಲಗೆಯ ಅಂಚು ಈ ಮೂರೂ ಕಡೆ ಮೇಲ್ಪದರ ಎದ್ದು, ಒಳಗಿನ ಬಲೆಯಂಥ ಬಟ್ಟೆ ಕಾಣತೊಡಗಿರುತ್ತದೆ. ಲಿವರ್ ಎಳೆದರೆ ಮಾತ್ರ ಸೋಫಾ ಮೊದಲಿನ ಹಾಗೇ ಬಿಚ್ಚಿಕೊಳ್ಳುತ್ತದೆ. ಕಬ್ಬಿಣ ಗಟ್ಟಿಯಾಗಿದೆ, ಮರ ಗಟ್ಟಿಯಾಗಿದೆ, ತೊಗಲು ಹೋಗಿದೆ.

ಇಂಥ ಸೋಫಾವನ್ನು ಎಸೆಯಲು ಮನಸ್ಸು ಬಾರದು. ಇಟ್ಟುಕೊಂಡರೆ ನೆಂಟರೆದುರು ಮುಜುಗರ. ಹಾಗಾಗಿ ಮೊದಲು ಹಳೆಯ ಬೆಡ್‌ಶೀಟು ಬರುತ್ತದೆ, ಆಮೇಲೆ ತಲೆಯ ಜಾಗಕ್ಕೊಂದು ಟವೆಲು, ಕೊನೆಗೆ ಆನ್‌ಲೈನಿನಲ್ಲಿ ತರಿಸಿದ ಎಲಾಸ್ಟಿಕ್ ಕವರ್. ಯಾವುದೂ ನಿಲ್ಲುವುದಿಲ್ಲ. ಒಮ್ಮೆ ಒರಗಿ ಎದ್ದರೆ ಬೆಡ್‌ಶೀಟು ಸೀಟಿನ ಸಂದಿಯೊಳಗೆ ಹೋಗಿರುತ್ತದೆ, ಟವೆಲು ಹಿಂದೆ ಬಿದ್ದಿರುತ್ತದೆ. ಸುಮ್ಮನೆ ಕೂತಿರುವ ವಸ್ತುವಿಗೆ ಹೊದಿಸುವ ಹಾಗೆಯೇ ಅಲುಗಾಡುವ ವಸ್ತುವಿಗೂ ಹೊದಿಸಲು ಹೋಗುವುದರಿಂದ ಬರುವ ಪಾಡು ಇದು. ಕೈ ಕೆಳಗಿಟ್ಟಾಗಿನ ಅಳತೆಯನ್ನೇ ನಂಬಿ ರವಿಕೆ ಹೊಲಿದರೆ, ಕೈ ಎತ್ತಿದ ಕೂಡಲೇ ಕಂಕುಳಲ್ಲಿ ಹೊಲಿಗೆ ಬಿಡುತ್ತದೆ; ಒಳ್ಳೆಯ ದರ್ಜಿ ಅಲ್ಲಿ ಬೇಕಾದಷ್ಟು ಬಟ್ಟೆಯನ್ನು ಮೊದಲೇ ಇಟ್ಟಿರುತ್ತಾನೆ. ರಿಕ್ಲೈನರ್‌ಗೆ ಬಟ್ಟೆ ಹಾಕುವ ಕಸುಬಿನ ತಿರುಳೂ ಅಷ್ಟೇ. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಸೋಫಾವನ್ನು ಪೂರ್ತಿ ಚಾಚಿಸಿ ನೋಡದೆ ತಿಳಿಯುವಂಥದ್ದಲ್ಲ.

ಯಂತ್ರ ಮೊದಲು, ಬಟ್ಟೆ ಆಮೇಲೆ

ಈ ಕುರ್ಚಿಯ ಹುಟ್ಟಿನಲ್ಲೇ ಬಟ್ಟೆ ತಡವಾಗಿ ಬಂದ ಅತಿಥಿ. ಅಮೆರಿಕದ ಮಿಷಿಗನ್ ರಾಜ್ಯದ ಮನ್ರೋ ಎಂಬ ಊರಿನಲ್ಲಿ ಎಡ್ವರ್ಡ್ ಕ್ನಬುಶ್ ಮತ್ತು ಎಡ್ವಿನ್ ಶೂಮೇಕರ್ ಎಂಬ ಸೋದರ ಸಂಬಂಧಿಗಳು 1928ರಲ್ಲಿ ಒಂದು ಕುರ್ಚಿ ಮಾಡಿದರು. ಮೈ ಹಿಂದಕ್ಕೆ ವಾಲಿದಂತೆ ಬೆನ್ನೂ ಸೀಟೂ ಒಟ್ಟಿಗೆ ಹೊಂದಿಕೊಂಡು ಸರಿಯುವ ಕುರ್ಚಿ ಅದು. ಮನೆಯ ಮುಂದಿನ ಜಗಲಿಯಲ್ಲಿ ಹಾಕಿಕೊಳ್ಳಲೆಂದು ಬರೀ ಮರದ ಪಟ್ಟಿಗಳಿಂದ ಮಾಡಿದ್ದು, ಮೆತ್ತೆಯಿಲ್ಲ, ಬಟ್ಟೆಯಿಲ್ಲ. ಪಕ್ಕದ ಓಹಾಯೋ ರಾಜ್ಯದ ಟೊಲಿಡೊದಲ್ಲಿ ಅಂಗಡಿಯೊಂದರ ಖರೀದಿದಾರನಿಗೆ ತೋರಿಸಿದಾಗ ಆತ, ಇದು ಬೇಸಿಗೆಯಲ್ಲಿ ಮಾತ್ರ ಹೋಗುವ ಸರಕು, ಮೆತ್ತೆ ಹಾಕಿ ತಂದರೆ ವರ್ಷವಿಡೀ ಮಾರಬಹುದು ಎಂದನಂತೆ. ಮೆತ್ತೆ ಹಾಕಿದರು. ಮುಂದೆ ಲೇ-ಝಿ-ಬಾಯ್ ಎಂಬ ಹೆಸರಿನಲ್ಲಿ ಅದು ಲೋಕ ಸುತ್ತಿತು. ಕಾಲುಮಣೆ ಕುರ್ಚಿಯ ಹೊಟ್ಟೆಯೊಳಗೇ ಸೇರಿಕೊಂಡದ್ದು ಇನ್ನೂ ಆಮೇಲಿನ ಮಾತು. ಅಂದಿನಿಂದ ಇಂದಿನವರೆಗೆ ಈ ಜಾತಿಯ ಕುರ್ಚಿಯಲ್ಲಿ ಬಟ್ಟೆಯೇ ಯಂತ್ರದ ಜೊತೆ ಹೊಂದಿಕೊಂಡು ಬಾಳಬೇಕಾಗಿ ಬಂದಿದೆ.

ಮನ್ರೋದ ಆ ಕುರ್ಚಿಗೂ ಆರು ದಶಕ ಮೊದಲು ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್‌ನ ಕಂಪನಿ ಬೆನ್ನು ವಾಲಿಸಬಹುದಾದ ಕುರ್ಚಿಯೊಂದನ್ನು ಮಾರುತ್ತಿತ್ತು. ಅದರಲ್ಲಿ ಬಟ್ಟೆಯ ತಕರಾರಿರಲಿಲ್ಲ, ಏಕೆಂದರೆ ದಿಂಬುಗಳು ಬಿಡಿಬಿಡಿ. ನಮ್ಮ ಮನೆಗಳಲ್ಲಿದ್ದ ಈಸಿ ಚೇರು ಇದಕ್ಕಿಂತ ಜಾಣ. ಮರದ ಚೌಕಟ್ಟು, ಹಿಂದೆ ಮೂರು ಕಚ್ಚು, ಮೇಲೊಂದು ಕೆಳಗೊಂದು ಕೋಲು, ನಡುವೆ ಜೋತುಬಿದ್ದ ಕ್ಯಾನ್ವಾಸ್. ಕಚ್ಚು ಬದಲಿಸಿದರೆ ಕುರ್ಚಿಯ ಓರೆ ಬದಲಾಗುತ್ತಿತ್ತು, ಬಟ್ಟೆಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಬಟ್ಟೆ ಹರಿದರೆ ಎರಡು ತುದಿ ಮಡಿಸಿ ಹೊಲಿಸಿ, ಕೋಲು ತೂರಿಸಿದರೆ ಮುಗಿಯಿತು. ಊರಿನ ಯಾವ ದರ್ಜಿಯೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಿದ್ದ. (ಕೋಲು ಎಳೆದಿಟ್ಟು ದೊಡ್ಡವರನ್ನು ನೆಲಕ್ಕೆ ಕೆಡವಿದ ಮಕ್ಕಳ ಕತೆ ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ.) ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳಲ್ಲಿದ್ದ, ಕಾಲು ಚಾಚಲೆಂದು ಕೈಗಳನ್ನು ಉದ್ದಕ್ಕೆ ಬಿಟ್ಟ ಬೆತ್ತದ ಕುರ್ಚಿಯೂ ಅಷ್ಟೇ. ಬೆತ್ತ ಸಡಿಲಾದರೆ ಹೆಣೆಯುವವನನ್ನು ಕರೆದರಾಯಿತು.

ಈಗಿನ ರಿಕ್ಲೈನರ್ ಹಾಗಲ್ಲ. ಬೆನ್ನು, ಸೀಟು, ಕಾಲುಹಲಗೆ ಎಂಬ ಮೂರು ಬೇರೆ ಬೇರೆ ದೇಹಗಳನ್ನು ಉಕ್ಕಿನ ಪಟ್ಟಿಗಳು ಕೆಳಗಿನಿಂದ ಹಿಡಿದುಕೊಂಡಿವೆ. ಲಿವರ್ ಎಳೆದಾಗ ಕತ್ತರಿಯಂತೆ ಮಡಿಸಿಟ್ಟ ಪಟ್ಟಿಗಳು ಬಿಚ್ಚಿಕೊಂಡು ಕಾಲುಹಲಗೆಯನ್ನು ಮುಂದಕ್ಕೆ, ಮೇಲಕ್ಕೆ ತಳ್ಳುತ್ತವೆ. ಇನ್ನೂ ಒರಗಿದರೆ ಬೆನ್ನು ಹಿಂದಕ್ಕೆ ಹೋಗುತ್ತದೆ. ಗೋಡೆಗೆ ತಾಗಿಸಿಟ್ಟರೂ ತೆರೆಯುವಂತೆ ಮಾಡಿದ ಮಾದರಿಗಳಲ್ಲಿ ಬೆನ್ನು ವಾಲುವುದರ ಜೊತೆಗೆ ಸೀಟೇ ಮುಂದಕ್ಕೆ ಜಾರುತ್ತದೆ. ಮೋಟಾರಿನ ಸೋಫಾದಲ್ಲಿ ಇದನ್ನೆಲ್ಲ ಒಂದು ಸಣ್ಣ ಡಿಸಿ ಮೋಟಾರು ನಿಧಾನಕ್ಕೆ ಮಾಡುತ್ತದೆ. ನಿಧಾನ ಎಂದರೆ ಮೆದು ಎಂದು ತಿಳಿಯಬಾರದು; ಸಂದಿಗೆ ಸಿಕ್ಕ ಬಟ್ಟೆಯನ್ನು ಅದು ಅಷ್ಟೇ ನಿಧಾನವಾಗಿ, ಬಿಡದೆ ಹರಿಯುತ್ತದೆ.

ಅಳತೆ ತೆಗೆಯುವುದು ಚಾಚಿಟ್ಟಾಗ

ಸೀಟಿಗೂ ಬೆನ್ನಿಗೂ ನಡುವೆ ಕೈ ತೂರಿಸಿ, ಇನ್ನೊಬ್ಬರಿಂದ ಸೋಫಾ ತೆರೆಸಿ ನೋಡಿ (ಬೆರಳು ಉಕ್ಕಿನ ಪಟ್ಟಿಗಳಿಂದ ದೂರವಿರಲಿ). ಮುಚ್ಚಿದ್ದಾಗ ಬಿಗಿಯಾಗಿದ್ದ ಸಂದಿ ತೆರೆದಾಗ ಅಗಲವಾಗುತ್ತದೆ. ಬೆನ್ನು ತಿರುಗುವ ಕೀಲು ನಮ್ಮ ಕಣ್ಣಿಗೆ ಕಾಣುವ ಸಂದಿಯಲ್ಲಿ ಇಲ್ಲ. ಅದು ಕೆಳಗೆ, ಹಿಂದೆ, ಉಕ್ಕಿನ ಪಟ್ಟಿಯಲ್ಲಿದೆ. ಕೀಲು ಒಂದು ಕಡೆ, ಬಟ್ಟೆ ಮಡಿಯುವ ಗೆರೆ ಇನ್ನೊಂದು ಕಡೆ ಇರುವುದರಿಂದ ಪ್ರತಿ ಸಲ ತೆರೆದಾಗಲೂ ಬೆನ್ನಿಗೂ ಸೀಟಿಗೂ ನಡುವಿನ ದೂರ ಹೆಚ್ಚು ಕಮ್ಮಿಯಾಗುತ್ತದೆ. ಬೆನ್ನಿನಿಂದ ಸೀಟಿನವರೆಗೆ ಒಂದೇ ಬಟ್ಟೆ ಎಳೆದು ಹೊಲಿದಿದ್ದರೆ ಆ ವ್ಯತ್ಯಾಸವನ್ನು ತುಂಬಲು ಬಟ್ಟೆ ಎಲ್ಲಿಂದಲಾದರೂ ಬರಲೇಬೇಕು. ಮೊದಲು ತಲೆಯ ಕಡೆಯಿಂದ ಎಳೆದುಕೊಳ್ಳುತ್ತದೆ. ಅಲ್ಲಿ ಬಿಗಿ ಕಟ್ಟಿದ್ದರೆ ಹೊಲಿಗೆ ಬಿಡುತ್ತದೆ.

ಸೀಟಿನ ಮುಂದಿನ ಅಂಚಿನ ಕತೆ ಇನ್ನೂ ಕಷ್ಟ. ಕಾಲುಹಲಗೆ ಮಡಿಸಿಟ್ಟಾಗ ಸೀಟಿನ ಅಂಚಿಗೆ ಅಂಟಿಕೊಂಡಂತೆ ಕಾಣುತ್ತದೆ. ತೆರೆದಾಗ ನಡುವೆ ಗೇಣಗಲ ಬಾಯಿ ಬಿಡುತ್ತದೆ. ಕೆಲವು ಕಂಪನಿಗಳು ಈ ಬಾಯಿಯನ್ನು ತೆರೆದೇ ಬಿಡುತ್ತವೆ. ಕೆಲವು ಸೀಟಿನಿಂದ ಕಾಲುಹಲಗೆಯವರೆಗೆ ಒಂದೇ ಉದ್ದ ಮೆತ್ತೆ ಹಾಸುತ್ತವೆ. ಎರಡನೆಯ ಬಗೆಯದು ಕೂರಲು ಸುಖ, ಹೊಲಿಯಲು ದುಃಖ. ಅಲ್ಲಿ ಸಡಿಲ ಬಟ್ಟೆ ಬೇಕೇಬೇಕು. ಆದರೆ ಮುಚ್ಚಿದಾಗ ಆ ಸಡಿಲ ಬಟ್ಟೆ ಕೆಳಗೆ ಜೋತುಬಿದ್ದು ಕತ್ತರಿ ಪಟ್ಟಿಗಳ ಬಾಯಿಗೆ ಹೋಗಬಾರದು. ಇದಕ್ಕೆ ಕುಶನ್ ಕೆಲಸದವರಲ್ಲಿ ಒಂದು ಉಪಾಯವಿದೆ. ಮಡಿಕೆಯ ಒಳಮಗ್ಗುಲಿಗೆ ಎಲಾಸ್ಟಿಕ್ ಪಟ್ಟಿ ಹೊಲಿದು, ಅದರ ಇನ್ನೊಂದು ತುದಿಯನ್ನು ಸೀಟಿನ ಕೆಳಗಿನ ಚೌಕಟ್ಟಿಗೆ ಹೊಡೆಯುತ್ತಾರೆ. ಕಾಲುಹಲಗೆ ಹೊರಗೆ ಬಂದಾಗ ಎಲಾಸ್ಟಿಕ್ ಹಿಗ್ಗುತ್ತದೆ, ಒಳಗೆ ಹೋದಾಗ ಬಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಯಂತ್ರದಿಂದ ದೂರ ಇಡುತ್ತದೆ. ಹಳೆಯ ಬಟ್ಟೆ ಬಿಚ್ಚುವಾಗ ಈ ಪಟ್ಟಿ ಸಿಕ್ಕರೆ, ಏನೋ ಚಿಂದಿ ಎಂದು ಎಸೆಯಬಾರದು. ಎಷ್ಟೋ ರಿಪೇರಿಗಳು ಕೆಡುವುದು ಇಷ್ಟಕ್ಕೇ.

ಈ ಬಾಯಿಗೆ ಇನ್ನೊಂದು ಮುಖವೂ ಇದೆ. ಕಾಲುಹಲಗೆಗೂ ಸೀಟಿಗೂ ನಡುವಿನ ಸಂದಿಯಲ್ಲಿ ಮಕ್ಕಳು ತಲೆ, ಕೈ ಸಿಕ್ಕಿಸಿಕೊಂಡ ಘಟನೆಗಳಿಂದಾಗಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ದಶಕಗಳ ಹಿಂದೆಯೇ ರಿಕ್ಲೈನರ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಮೇಲಿಂದ ಒಂದು ಕವರ್ ಇಳಿಬಿಟ್ಟರೆ ಆ ಸಂದಿ ಕಣ್ಣಿಗೆ ಬೀಳುವುದಿಲ್ಲ, ಮಾಯವಂತೂ ಆಗುವುದಿಲ್ಲ. ತೆವಳುವ ಮಗುವಿರುವ ಮನೆಯಲ್ಲಿ ಕಾಲುಹಲಗೆಯನ್ನು ಮುಚ್ಚುವ ಮುನ್ನ ಬಗ್ಗಿ ನೋಡುವ ಅಭ್ಯಾಸ ಒಳ್ಳೆಯದು, ಬೆಕ್ಕಿದ್ದರೂ ಅಷ್ಟೇ.

ಇಷ್ಟು ತಿಳಿದ ಮೇಲೆ ಕವರ್ ಹೇಗಿರಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಇಡೀ ಸೋಫಾಗೆ ಒಂದೇ ಚೀಲ ಎಂದಿಗೂ ಕೂರದು. ಬೆನ್ನಿಗೊಂದು ಟೋಪಿ, ಸೀಟಿಗೊಂದು, ಕಾಲುಹಲಗೆಗೊಂದು, ಎರಡು ಕೈಗಳಿಗೆ ಎರಡು: ಪ್ರತಿ ದೇಹಕ್ಕೂ ಅದರದೇ ಬಟ್ಟೆ. ಬೆನ್ನಿನದನ್ನು ಮೇಲಿಂದ ತೊಡಿಸಿ ಹಿಂದೆ ವೆಲ್ಕ್ರೋ ಪಟ್ಟಿಯಿಂದ ಹಿಡಿಸಬೇಕು. ಸೀಟಿನದರ ಹಿಂದಿನ ಅಂಚಿನಲ್ಲಿ ಒಂದು ಅಂಗೈ ಉದ್ದದ ಬಾಲ ಬಿಟ್ಟು ಸಂದಿಗೆ ತುರುಕಬೇಕು. ಆ ಬಾಲ ಮೇಲೆ ಬಾರದಂತೆ ತುದಿಗೆ ಒಂದು ಸ್ಪಂಜಿನ ಕೊಳವೆಯನ್ನು ಮಡಿಸಿ ಹೊಲಿದರೆ ಅದು ಸಂದಿಯೊಳಗೆ ಕಚ್ಚಿಕೊಂಡು ಕೂರುತ್ತದೆ. ಲಿವರ್ ಇರುವ ಕೈಯ ಕವರಿನಲ್ಲಿ ಅದಕ್ಕೆ ಗುಂಡಿಮನೆಯಂಥ ಸೀಳು ಬಿಡಬೇಕು. ಇದನ್ನು ಮುಚ್ಚಿದ ಸೋಫಾದ ಮೇಲೆ ಗುರುತು ಹಾಕಿದರೆ ಸಾಲದು, ಲಿವರ್ ಎಳೆದಾಗ ಅದು ಎಲ್ಲಿಯವರೆಗೆ ತಿರುಗುತ್ತದೋ ಅಲ್ಲಿಯವರೆಗೂ ಜಾಗ ಬೇಕು. ಮೋಟಾರಿನದಾದರೆ ಸ್ವಿಚ್ಚು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು, ವೈರು ಎಲ್ಲೂ ಸಿಗಹಾಕಿಕೊಳ್ಳಬಾರದು. ಎಲ್ಲ ಅಳತೆಗಳನ್ನೂ ಎರಡು ಸಲ ತೆಗೆದು, ಮುಚ್ಚಿದ್ದಾಗ ಒಂದು, ತೆರೆದಾಗ ಒಂದು, ದೊಡ್ಡದನ್ನು ಇಟ್ಟುಕೊಳ್ಳುವುದು. ಹೆಚ್ಚಾದುದನ್ನು ಎಲಾಸ್ಟಿಕ್ ನೋಡಿಕೊಳ್ಳುತ್ತದೆ.

ರೆಡಿಮೇಡ್ ಕವರುಗಳಲ್ಲೂ ಬಿಡಿ ಬಿಡಿ ತುಂಡುಗಳಾಗಿ ಬರುವುದನ್ನೇ ತೆಗೆದುಕೊಳ್ಳುವುದು ಲೇಸು. ಪಾಲಿಯೆಸ್ಟರ್ ಜೊತೆ ಹಿಗ್ಗುವ ಸ್ಪ್ಯಾಂಡೆಕ್ಸ್ ನೂಲು ಸೇರಿಸಿ ನೇಯ್ದ ಬಟ್ಟೆ ಅದು, ಸುಮಾರಾಗಿ ಯಾವ ಆಕಾರಕ್ಕೂ ಒಗ್ಗುತ್ತದೆ. ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಬಹುಪಾಲು ಇದೊಂದೇ ದಾರಿ, ಏಕೆಂದರೆ ಅಲ್ಲಿ ಬಟ್ಟೆ ಬದಲಿಸುವ ಕೂಲಿಗೆ ಹೊಸ ಕುರ್ಚಿಯೇ ಬಂದುಬಿಡಬಹುದು. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಇರುವವರ ಅದೃಷ್ಟ ಬೇರೆ. ಮೂಲೆ ಮೂಲೆಯಲ್ಲಿ ‘ಕುಶನ್ ವರ್ಕ್ಸ್’ ಬೋರ್ಡು ಇನ್ನೂ ಇದೆ.

ಬಿಚ್ಚುವುದೇ ಕಲಿಕೆ

ಈ ಬೋರ್ಡಿನ ಕೆಳಗೆ ಕೆಲಸ ಮಾಡುವವರಲ್ಲಿ ಹೆಚ್ಚಿನವರ ಕೈ ಪಳಗಿದ್ದು ವಾಹನಗಳ ಸೀಟುಗಳ ಮೇಲೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗಗಳ ಜೊತೆಗೇ ಸೀಟ್ ಕವರಿನ, ರೆಕ್ಸಿನ್ನಿನ ಅಂಗಡಿಗಳ ಸಾಲೂ ಇದೆ. ಆಟೋ ಸೀಟು, ಬೈಕಿನ ಸೀಟು, ಬಸ್ಸಿನ ಪುಷ್‌ಬ್ಯಾಕ್ ಸೀಟು ಹೊಲಿದವರಿಗೆ ವಾಲುವ ಬೆನ್ನು ಹೊಸದಲ್ಲ. ಹೊಸದಾಗಿರುವುದು ಕಾಲುಹಲಗೆ. ಅದಕ್ಕೇ ಒಳ್ಳೆಯ ಮೇಸ್ತ್ರಿ ಫೋಟೋ ನೋಡಿ ರೇಟು ಹೇಳುವುದಿಲ್ಲ. “ಸಾರ್, ಬಿಚ್ಚಿ ನೋಡ್ದೆ ಏನ್ ಹೇಳ್ಲಿ? ಒಳಗೆ ಪ್ಲೈ ಇದ್ಯೋ, ಬರೀ ಪುಡಿ ಹಲಗೆ ಇದ್ಯೋ ಯಾರಿಗ್ ಗೊತ್ತು?” ಎನ್ನುತ್ತಾರೆ. “ಅಂದಾಜಿಗೆ ಒಂದು ಹೇಳಿ ಭಾಯ್” ಎಂದು ಒತ್ತಾಯಿಸಿದರೆ ಹೇಳುತ್ತಾರೆ, ಆದರೆ ಆ ಅಂದಾಜಿಗೆ ಅವರೂ ಬದ್ಧರಲ್ಲ, ನಾವೂ ನಂಬಬಾರದು.

ಪುಡಿ ಹಲಗೆಯ ಪ್ರಶ್ನೆ ದೊಡ್ಡದು. ಬಟ್ಟೆ ನಿಲ್ಲುವುದು ಗನ್ನಿನಿಂದ ಹೊಡೆಯುವ ಪಿನ್ನುಗಳ ಮೇಲೆ. ಮರಕ್ಕೋ ಪ್ಲೈಗೋ ಹೊಡೆದ ಪಿನ್ನು ಕಚ್ಚಿಕೊಳ್ಳುತ್ತದೆ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯಲ್ಲಿ ಒಮ್ಮೆ ಪಿನ್ನು ಕಿತ್ತರೆ ಆ ಜಾಗವೇ ಉದುರುತ್ತದೆ. ಎರಡನೇ ಸಲ ಅದು ಹಿಡಿಯದು. ಅಂಥ ಚೌಕಟ್ಟಿದ್ದರೆ ಅಂಚುಗಳಿಗೆ ಮರದ ಪಟ್ಟಿ ಕೊಡಿಸಬೇಕು, ಇಲ್ಲವೇ ಕವರಿನಲ್ಲೇ ತೃಪ್ತಿಪಟ್ಟುಕೊಳ್ಳಬೇಕು. ಚೌಕಟ್ಟಿನ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಮುಂದಿನ ಒಂದು ಮೂಲೆಯನ್ನು ಅರ್ಧ ಅಡಿ ಎತ್ತಿ ಹಿಡಿಯಿರಿ. ಇನ್ನೊಂದು ಮೂಲೆಯೂ ಜೊತೆಗೆ ಎದ್ದರೆ ಮೈ ಗಟ್ಟಿಯಿದೆ. ಅದು ನೆಲ ಬಿಡದೆ ಸೋಫಾ ತಿರುಚಿಕೊಂಡರೆ ಒಳಗಿನ ಕೀಲುಗಳು ಸಡಿಲಾಗಿವೆ. ಆ ಸೋಫಾಗೆ ಒಳ್ಳೆಯ ಬಟ್ಟೆ ಹಾಕಿಸುವುದು ದಂಡ.

ಇನ್ನು ಬಿಚ್ಚುವ ವಿಷಯ. ಮೋಟಾರಿನದಾದರೆ ಮೊದಲು ಪ್ಲಗ್ ಕೀಳಬೇಕು. ಬೆನ್ನು ಇಡಿಯಾಗಿ ಕಳಚಿ ಬರುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಬೆನ್ನಿನ ಹಿಂಭಾಗದಲ್ಲಿ ಕೆಳಗಿನ ಎರಡೂ ಮೂಲೆಗಳ ಒಳಗೆ, ಇಳಿಬಿಟ್ಟ ಬಟ್ಟೆಯ ಮರೆಯಲ್ಲಿ, ಒಂದೊಂದು ಚಿಕ್ಕ ಉಕ್ಕಿನ ಕೊಕ್ಕೆ ಇರುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಅದನ್ನು ಮೇಲಕ್ಕೆ ಮೀಟಿ, ಇಬ್ಬರು ಎರಡು ಬದಿ ಹಿಡಿದು ಎತ್ತಿದರೆ ಬೆನ್ನು ತನ್ನ ಕಂಬಿಗಳಿಂದ ಜಾರಿ ಬರುತ್ತದೆ. ಎಷ್ಟೋ ರಿಕ್ಲೈನರ್‌ಗಳು ಕಿರಿದಾದ ಬಾಗಿಲಿನಲ್ಲಿ ಮನೆ ಸೇರುವುದು ಹೀಗೆ ಎರಡು ತುಂಡಾಗಿಯೇ. ಉಳಿದ ಭಾಗವನ್ನು ಮಗುಚಿ ಹಾಕುವ ಮುನ್ನ ಕಾಲುಹಲಗೆಯನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಬೇಕು. ಅದರ ಹಿಂದಿರುವ ಸ್ಪ್ರಿಂಗು ಎಳೆದು ಕೂತಿರುತ್ತದೆ. ಬೆರಳು ಸಂದಿಯಲ್ಲಿದ್ದಾಗ ಹಾರಿದರೆ ಮೂಳೆ ಮುರಿಯಬಹುದು. ಮಾಮೂಲಿ ಸೋಫಾದ ಕೆಲಸ ಮಾತ್ರ ಮಾಡಿದ ಹುಡುಗರು ಎಡವುವುದು ಇಲ್ಲಿ.

ಮಗುಚಿದಾಗ ಕಾಣುವ ಕಪ್ಪು ತೆಳು ಬಟ್ಟೆ ಧೂಳು ತಡೆಯಲಿಕ್ಕೆ. ಅದನ್ನು ತೆಗೆದರೆ ಒಳಗಿನ ಲೋಕ ಬಯಲಾಗುತ್ತದೆ: ಹಾವಿನಂತೆ ಬಳುಕಿದ ಜಿಗ್‌ಜ್ಯಾಗ್ ಸ್ಪ್ರಿಂಗುಗಳು ಇಲ್ಲವೇ ಅಡ್ಡಡ್ಡ ಎಳೆದ ಎಲಾಸ್ಟಿಕ್ ಪಟ್ಟಿಗಳು, ಕಡಲೆಬೀಜದ ಸಿಪ್ಪೆ, ಕಳೆದುಹೋದ ರಿಮೋಟು. ಇಲ್ಲಿಂದ ಮುಂದೆ ಒಂದೇ ಸೂತ್ರ. ಕಂಪನಿಯಲ್ಲಿ ಕೊನೆಗೆ ಹಾಕಿದ ತುಂಡು ಮೊದಲು ಬರುತ್ತದೆ. ಬೆನ್ನಿನ ಹೊರಗಿನ ಹಾಳೆ, ಕೈಗಳ ಹೊರಮಗ್ಗುಲು, ಆಮೇಲೆ ಬೆನ್ನಿನ ಒಳಮುಖ, ಕೈಗಳ ಒಳಮುಖ, ಸೀಟು, ಕಾಲುಹಲಗೆ. ಪ್ರತಿ ತುಂಡನ್ನೂ ತೆಗೆಯುವ ಮುನ್ನ ಫೋಟೋ. ತೆಗೆದ ಮೇಲೆ ಅದರ ಹಿಂಬದಿಗೆ ಚಾಕಿನಲ್ಲಿ ಹೆಸರು, ಮೇಲ್ತುದಿ ಯಾವುದು ಎಂಬುದಕ್ಕೆ ಬಾಣ. ಹರಿದೆಳೆಯಬಾರದು, ಪಿನ್ನುಗಳನ್ನು ಒಂದೊಂದಾಗಿ ಎಬ್ಬಿಸಬೇಕು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದೂ ಇದೇ, ಅತಿ ಕಡಿಮೆ ಕೂಲಿ ಸಿಗುವುದೂ ಇದಕ್ಕೇ. ಆ ಹಳೆಯ ತುಂಡುಗಳೇ ಹೊಸ ಬಟ್ಟೆಯ ನಕ್ಷೆ. ಅವನ್ನು ಹೊಲಿಗೆ ಬಿಚ್ಚಿ ಹಾಸಿದರೆ ಕಂಪನಿಯ ವಿನ್ಯಾಸಗಾರ ಎಲ್ಲಿ ಎಷ್ಟು ಸಡಿಲ ಬಿಟ್ಟಿದ್ದ ಎಂಬುದು ಇಂಚು ಇಂಚಾಗಿ ಕಾಣುತ್ತದೆ. ಹಳೆಯದು ಹಿಗ್ಗಿ ಜೋತಿದ್ದರೆ ಅದನ್ನು ಕಣ್ಣಳತೆಯಲ್ಲಿ ಕಳೆಯುವುದು ಮೇಸ್ತ್ರಿಯ ಅನುಭವಕ್ಕೆ ಬಿಟ್ಟದ್ದು.

ಹೊಲಿಗೆ ಮನೆಯ ಮಿಷನ್ನಿನಲ್ಲಿ ಆಗದು ಎಂದೇ ಹೇಳಬೇಕು. ತೆಳು ಹತ್ತಿಯ ಕವರ್ ಸರಿ; ಆದರೆ ಸೋಫಾ ಬಟ್ಟೆಯ ನಾಲ್ಕು ಪದರ, ನಡುವೆ ಪೈಪಿಂಗ್ ಬಂದ ಕಡೆ ಮನೆಯ ಮಿಷನ್ನಿನ ಸೂಜಿ ಮುರಿಯುತ್ತದೆ, ಕೆಳಗಿನ ಪದರ ಮುಂದೆ ಹೋಗಿ ಮೇಲಿನದು ಹಿಂದುಳಿಯುತ್ತದೆ. ಕುಶನ್ ಅಂಗಡಿಗಳ ದಪ್ಪ ಮಿಷನ್ನಿನಲ್ಲಿ ಕಾಲು, ಸೂಜಿ, ಹಲ್ಲು ಮೂರೂ ಒಟ್ಟಿಗೆ ಬಟ್ಟೆಯನ್ನು ಹಿಡಿದು ಮುಂದೆ ಸರಿಸುವುದರಿಂದ ಪದರಗಳು ಜಾರುವುದಿಲ್ಲ. ದಾರ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಬೇಕು. ಹತ್ತಿಯ ದಾರ ಬೆವರಿಗೆ ಕೊಳೆಯುತ್ತದೆ. ರೆಕ್ಸಿನ್ ಮೇಲೆ ಹೊಲಿಗೆ ತೀರ ಸಣ್ಣದಾಗಿ ಹಾಕಿದರೆ ಅಂಚೆಚೀಟಿಯ ತೂತುಗಳ ಹಾಗೆ ಅಲ್ಲೇ ಹರಿಯುತ್ತದೆ, ಅದಕ್ಕಾಗಿ ಉದ್ದ ಹೊಲಿಗೆ.

ಮತ್ತೆ ಅದೇ ಲೆದರೆಟ್ ಬೇಕೆ?

ಬಟ್ಟೆಯ ಅಂಗಡಿಯಲ್ಲಿ ಎಲ್ಲರೂ ಮೊದಲು ಕೈ ಚಾಚುವುದು ಹಳೆಯದರಂಥದಕ್ಕೇ, ಹೊಳೆಯುವ ಕಂದು ಲೆದರೆಟ್‌ಗೆ. ಒರೆಸಿದರೆ ಸಾಕು, ಕಾಫಿ ಚೆಲ್ಲಿದರೂ ಚಿಂತೆಯಿಲ್ಲ ಎಂಬ ವಾದ. ಆದರೆ ಅದು ಎದ್ದುಬಂದದ್ದೇಕೆ ಎಂದು ಒಮ್ಮೆ ಯೋಚಿಸಬೇಕು. ಲೆದರೆಟ್ ಎಂಬುದು ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಪದರ. ಅದರಲ್ಲಿ ಅಗ್ಗದ ಬಗೆಯ ಅಣುಸರಪಳಿಗಳನ್ನು ಗಾಳಿಯ ತೇವವೇ ನಿಧಾನವಾಗಿ ಕತ್ತರಿಸುತ್ತದೆ. ಕತ್ತರಿಸಿದಾಗ ಹುಟ್ಟುವ ಆಮ್ಲ ಇನ್ನಷ್ಟು ಕತ್ತರಿಸಲು ಸಹಾಯ ಮಾಡುತ್ತದೆ, ಹಾಗಾಗಿ ಒಮ್ಮೆ ಶುರುವಾದರೆ ವೇಗ ಹೆಚ್ಚುತ್ತಲೇ ಹೋಗುತ್ತದೆ. ಯಾರೂ ಕೂರದ ಅತಿಥಿ ಕೋಣೆಯ ಸೋಫಾ ಕೂಡ ಹಕ್ಕಳೆ ಏಳುವುದು, ಪೆಟ್ಟಿಗೆಯಲ್ಲೇ ಇಟ್ಟ ಶೂಗಳ ತಳ ಒಂದು ದಿನ ಪುಡಿಯಾಗಿ ಉದುರುವುದು ಇದೇ ಕಾರಣಕ್ಕೆ. ಮಂಗಳೂರು, ಉಡುಪಿ, ಕಾರವಾರದ ಗಾಳಿಯಲ್ಲಿ ಇದಕ್ಕೆ ಬೇಕಾದ ತೇವ ವರ್ಷದ ಬಹುಪಾಲು ಇದ್ದೇ ಇರುತ್ತದೆ. ಪಿವಿಸಿ ರೆಕ್ಸಿನ್ನಿನ ರೋಗ ಬೇರೆ. ಅದನ್ನು ಮೆತ್ತಗಿಡುವ ಎಣ್ಣೆಯಂಥ ವಸ್ತು ವರ್ಷಗಳು ಕಳೆದಂತೆ ಹೊರಬಿದ್ದು ಹೋಗಿ, ಪದರ ಗಡುಸಾಗಿ ಬಿರಿಯುತ್ತದೆ. ಎಲ್ಲಕ್ಕಿಂತ ಮೋಸದ್ದು ‘ಬಾಂಡೆಡ್ ಲೆದರ್’. ಚರ್ಮದ ಚೂರು, ಪುಡಿಯನ್ನು ಅಂಟಿನಲ್ಲಿ ಕಲಸಿ ಬಟ್ಟೆಗೆ ಮೆತ್ತಿ ಮೇಲೆ ಬಣ್ಣದ ಪದರ ಕೊಟ್ಟದ್ದು. ಹೆಸರಿನಲ್ಲಿ ಚರ್ಮವಿದೆ, ಬಾಳಿಕೆಯಲ್ಲಿಲ್ಲ. ಎದ್ದ ಜಾಗಕ್ಕೆ ಬಣ್ಣ ಬಳಿಯುವ ಬಾಟಲಿಗಳು, ಅಂಟಿಸುವ ತೇಪೆಗಳು ಬೇಕಾದಷ್ಟು ಸಿಗುತ್ತವೆ; ತಳವೇ ಸಾಯುತ್ತಿರುವಾಗ ಮೇಲೆ ಬಳಿದದ್ದು ಎಷ್ಟು ದಿನ ನಿಂತೀತು?

ತಲೆ ಇಡುವ ಜಾಗ ಮೊದಲು ಹೋಗುವುದಕ್ಕೆ ತಲೆಗೆ ಹಚ್ಚುವ ಎಣ್ಣೆಯ ಪಾಲೂ ದೊಡ್ಡದು. ಇದು ಕೊಬ್ಬರಿ ಎಣ್ಣೆಯ ನಾಡಿನ ಸಮಸ್ಯೆ ಮಾತ್ರ ಅಲ್ಲ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಗಂಡಸರು ಮಕಾಸರ್ ಎಣ್ಣೆ ಬಳಿದುಕೊಂಡು ಕುರ್ಚಿಗೆ ಒರಗುತ್ತಿದ್ದರು. ಹೆಂಗಸರು ಕುರ್ಚಿಯ ಬೆನ್ನಿಗೆ ಕಸೂತಿಯ ಬಟ್ಟೆ ಹಾಸಿ ಅದಕ್ಕೆ ‘ಆಂಟಿಮಕಾಸರ್’ ಎಂದೇ ಹೆಸರಿಟ್ಟರು. ರೈಲಿನ ಎಸಿ ಚೇರ್ ಕಾರಿನಲ್ಲಿ, ಐಷಾರಾಮಿ ಬಸ್ಸುಗಳಲ್ಲಿ ತಲೆಯ ಜಾಗಕ್ಕೆ ಹಾಕುವ ಬಿಳಿ ಬಟ್ಟೆ ಅದರ ಮೊಮ್ಮಗ. ಹೊಸ ಬಟ್ಟೆ ಹಾಕಿಸುವಾಗ ಅದೇ ಬಟ್ಟೆಯಲ್ಲಿ ತಲೆಗೊಂದು, ಕೈಗಳಿಗೆರಡು ಒಗೆಯಬಹುದಾದ ತುಂಡುಗಳನ್ನು ವೆಲ್ಕ್ರೋ ಸಮೇತ ಹೊಲಿಸಿಟ್ಟರೆ ಸೋಫಾದ ಆಯಸ್ಸು ಹೆಚ್ಚುತ್ತದೆ. ಟವೆಲಿಗಿಂತ ನೋಡಲೂ ಚೆಂದ.

ನನ್ನ ಮಾತು ಕೇಳುವುದಾದರೆ ನಮ್ಮ ಹವೆಗೆ ನೇಯ್ದ ಬಟ್ಟೆಯೇ ಸರಿ. ಒತ್ತಾಗಿ ನೇಯ್ದ ಪಾಲಿಯೆಸ್ಟರ್, ಸ್ವೀಡ್‌ನಂಥ ಬಟ್ಟೆ, ಶೆನೀಲ್, ವೆಲ್ವೆಟ್. ಬೇಸಿಗೆಯಲ್ಲಿ ಬೆನ್ನಿಗೆ ಅಂಟುವುದಿಲ್ಲ, ಸವೆದರೂ ಮರ್ಯಾದೆಯಿಂದ ಸವೆಯುತ್ತದೆ. ಬಟ್ಟೆಯ ಸವೆತ ಅಳೆಯಲು ಮಾರ್ಟಿನ್‌ಡೇಲ್ ಎಂಬ ಪರೀಕ್ಷೆಯಿದೆ, ಯಂತ್ರವೊಂದು ಉಣ್ಣೆ ಬಟ್ಟೆಯಿಂದ ಉಜ್ಜುತ್ತಾ ಎಷ್ಟು ಸುತ್ತಿಗೆ ಎಳೆ ಕಡಿಯುತ್ತದೆ ಎಂದು ಎಣಿಸುತ್ತದೆ. ದಿನವೂ ಬಳಸುವ ಸೋಫಾಗೆ 25,000ಕ್ಕಿಂತ ಮೇಲಿರುವುದನ್ನು ಕೇಳಬಹುದು. ಒಳ್ಳೆಯ ಅಂಗಡಿಯ ಸ್ಯಾಂಪಲ್ ಪುಸ್ತಕದ ಹಿಂದೆ ಬರೆದಿರುತ್ತದೆ. ಬೆಕ್ಕಿರುವವರು ಉಬ್ಬುತಗ್ಗು ನೇಯ್ಗೆಯ ಕಡೆ ತಿರುಗಿಯೂ ನೋಡಬಾರದು. ಶುದ್ಧ ಹತ್ತಿಯಾದರೆ ಹೊಲಿಯುವ ಮುನ್ನ ಒಮ್ಮೆ ಒಗೆದು ಕುಗ್ಗಿಸಿಕೊಳ್ಳಬೇಕು.

ಸೋಫಾ ಬಟ್ಟೆಯ ಅಗಲ ಸಾಮಾನ್ಯವಾಗಿ 54 ಇಂಚು. ಒಂಟಿ ರಿಕ್ಲೈನರ್‌ಗೆ ಆರರಿಂದ ಏಳು ಮೀಟರ್ ಹಿಡಿಯುತ್ತದೆ. ಅದೇ ಗಾತ್ರದ ಮಾಮೂಲಿ ಕುರ್ಚಿಗಿಂತ ಇದು ಹೆಚ್ಚು, ಕಾಲುಹಲಗೆಯ ಎರಡೂ ಮುಖಗಳು, ಸಂದಿಗಳ ಸಡಿಲ ಎಲ್ಲ ಸೇರುವುದರಿಂದ. ಗೆರೆ, ಹೂವಿನ ವಿನ್ಯಾಸ ಇದ್ದರೆ ಹೊಂದಿಸಲು ಇನ್ನೂ ಒಂದೂವರೆ ಮೀಟರ್ ಬೇಕಾಗಬಹುದು. ವೆಲ್ವೆಟ್‌ನಲ್ಲಿ ಎಳೆ ಒರಗಿದ ದಿಕ್ಕು ಎಲ್ಲ ತುಂಡುಗಳಲ್ಲೂ ಒಂದೇ ಇರಬೇಕು; ಬಟ್ಟೆ ಉಳಿಸಲೆಂದು ಒಂದು ತುಂಡು ಅಡ್ಡ ಕತ್ತರಿಸಿದರೆ ಅದೊಂದೇ ಬೇರೆ ಬಣ್ಣದಂತೆ ಕಾಣುತ್ತದೆ.

ಬಟ್ಟೆ ಬಿಚ್ಚಿದ ಮೇಲೆ ಸ್ಪಂಜು ಬದಲಿಸದೆ ಮುಚ್ಚುವುದು ಮೂರ್ಖತನ. ಹಳೆಯದನ್ನು ಹಿಂಡಿದರೆ ಹಳದಿ ಪುಡಿ ಉದುರುತ್ತಿದ್ದರೆ ಅದರ ಕಾಲ ಮುಗಿದಿದೆ. ಅಂಗಡಿಯಲ್ಲಿ ‘40 ಡೆನ್ಸಿಟಿ’ ಎನ್ನುವುದರ ಅರ್ಥ ಒಂದು ಘನಮೀಟರ್ ಸ್ಪಂಜು 40 ಕಿಲೋ ತೂಗುತ್ತದೆ ಎಂದು. ಮೆದುವೋ ಗಟ್ಟಿಯೋ ಎಂಬುದು ಬೇರೆಯೇ ಲೆಕ್ಕ. ಡೆನ್ಸಿಟಿ ಹೇಳುವುದು ಬಾಳಿಕೆಯನ್ನು. ಮಾತು ನಂಬಬೇಕಾಗಿಲ್ಲ, ತಕ್ಕಡಿ ಇದೆ. ಆರಡಿ ಉದ್ದ, ಮೂರಡಿ ಅಗಲ, ನಾಲ್ಕಿಂಚು ದಪ್ಪದ ಹಾಳೆ 40 ಡೆನ್ಸಿಟಿಯದಾದರೆ ಹೆಚ್ಚುಕಡಿಮೆ 6.8 ಕಿಲೋ ತೂಗಬೇಕು, 32 ಡೆನ್ಸಿಟಿಯದು ಐದೂವರೆ ಕಿಲೋ. ಸೀಟಿಗೆ 40, ಬೆನ್ನಿಗೆ ಅದಕ್ಕಿಂತ ಹಗುರದ್ದು ಸಾಕು. ಸ್ಪಂಜಿನ ಮೇಲೆ ತೆಳು ರೆಕ್ರಾನ್ (ಪಾಲಿಯೆಸ್ಟರ್ ನಾರಿನ) ಹಾಳೆ ಹೊದಿಸಿ ಬಟ್ಟೆ ಎಳೆದರೆ ಮೂಲೆಗಳು ದುಂಡಗೆ ತುಂಬಿಕೊಳ್ಳುತ್ತವೆ.

ಇಲ್ಲೊಂದು ಆಸೆ ಕಾಡುತ್ತದೆ: ಹೇಗೂ ಬಿಚ್ಚಿದ್ದೇವೆ, ಇನ್ನೆರಡಿಂಚು ದಪ್ಪ ಹಾಕಿಸೋಣ. ಬೇಡ. ರಿಕ್ಲೈನರ್ ತೂಕದ ಸಮತೋಲದ ಮೇಲೆ ನಡೆಯುವ ಯಂತ್ರ. ಬೆನ್ನು ಭಾರವಾದರೆ ಅದು ತಾನಾಗಿ ಹಿಂದಕ್ಕೆ ವಾಲತೊಡಗುತ್ತದೆ. ಕಾಲುಹಲಗೆ ದಪ್ಪವಾದರೆ ಒಳಗೆ ಪೂರ್ತಿ ಮಡಿಯುವುದಿಲ್ಲ. ಸೀಟು ಎತ್ತರವಾದರೆ ಕೂತವರ ಪಾದ ನೆಲಕ್ಕೆ ಸಿಗುವುದಿಲ್ಲ, ಕಾಲುಹಲಗೆಯನ್ನು ಹಿಮ್ಮಡಿಯಿಂದ ಒತ್ತಿ ಮುಚ್ಚುವ ಬಲವೂ ಸಿಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಈ ಕುರ್ಚಿ ಇರುವುದೇ ಮಂಡಿ ನೋವಿನ ಅಮ್ಮನಿಗೋ, ಎದೆಯ ಆಪರೇಷನ್ ಆದ ಅಪ್ಪನಿಗೋ. ಅವರಿಗೆ ಜಾರುವ ಸ್ಯಾಟಿನ್‌ನಂಥ ಬಟ್ಟೆಯೂ ಅಪಾಯ, ಏಳುವಾಗ ಮುಂದಕ್ಕೆ ಜಾರುತ್ತಾರೆ. ಸೀಟಿನ ಬಟ್ಟೆಯ ಕೆಳಗೆ ನೀರು ಇಳಿಯದ ಒಂದು ಹಾಳೆ ಹಾಕಿಸಿ, ಮೇಲಿನದನ್ನು ಜಿಪ್ ಇಟ್ಟು ತೆಗೆದು ಒಗೆಯುವಂತೆ ಮಾಡಿಸಿದರೆ ಅವರಿಗೂ ಸಂಕೋಚ ತಪ್ಪುತ್ತದೆ, ನೋಡಿಕೊಳ್ಳುವವರಿಗೂ ಕೆಲಸ ಹಗುರ. ಮೇಸ್ತ್ರಿಗೆ ಅಳತೆ ಕೊಡುವ ದಿನ ಅವರನ್ನೇ ಕೂರಿಸಿ ಕೊಡುವುದು ಒಳ್ಳೆಯದು.

ಲೆಕ್ಕಾಚಾರಕ್ಕೆ ಬಂದರೆ, ಬಟ್ಟೆ, ಸ್ಪಂಜು, ಕೂಲಿ ಸೇರಿ ಅದೇ ದರ್ಜೆಯ ಹೊಸ ಸೋಫಾದ ಅರ್ಧಕ್ಕಿಂತ ಒಳಗಿದ್ದರೆ ಮಾಡಿಸಿ. ಅರ್ಧ ದಾಟಿದರೆ ಚೌಕಟ್ಟು ನಿಜಕ್ಕೂ ಒಳ್ಳೆಯ ಮರದ್ದೋ ಎಂದು ಕೇಳಿಕೊಳ್ಳಿ. ಎಸೆಯಲೇಬೇಕಾದರೆ ಉಕ್ಕನ್ನು ಗುಜರಿಯವರು ಸಂತೋಷದಿಂದ ಒಯ್ಯುತ್ತಾರೆ; ಸ್ಪಂಜನ್ನೂ ರೆಕ್ಸಿನ್ನನ್ನೂ ಕೇಳುವವರು ಕಡಿಮೆ, ಅವು ಕೊನೆಗೆ ಯಾವುದೋ ಖಾಲಿ ಸೈಟಿನಲ್ಲಿ ಮಳೆಗೆ ನೆನೆಯುತ್ತವೆ.

ಕೆಲಸ ಮುಗಿದು ಸೋಫಾ ಮನೆಗೆ ಬಂದಾಗ ಹಣ ಎಣಿಸುವ ಮುನ್ನ ಹತ್ತು ಸಲ ತೆರೆದು ಮುಚ್ಚಿ ನೋಡಬೇಕು, ಖಾಲಿ ಸೋಫಾವನ್ನಲ್ಲ, ಮನೆಯ ಅತಿ ತೂಕದವರನ್ನು ಕೂರಿಸಿ. ಬಟ್ಟೆ ಎಲ್ಲಾದರೂ ಕಟಕಟ ಎಂದರೆ ಅಲ್ಲಿ ಸಡಿಲ ಸಾಲದು. ತೆರೆದಾಗ ಬೆನ್ನಿನ ಮಧ್ಯೆ ಅಡ್ಡ ಸುಕ್ಕು ಬಿದ್ದು ಮುಚ್ಚಿದಾಗ ಹೋಗುವುದು ಸಹಜ. ಮುಚ್ಚಿದಾಗಲೂ ಉಳಿದರೆ ಎಳೆದು ಮತ್ತೆ ಪಿನ್ನು ಹೊಡೆಸಬೇಕು. ಬಗ್ಗಿ ಕೆಳಗೆ ಟಾರ್ಚ್ ಬಿಟ್ಟು ಕತ್ತರಿ ಪಟ್ಟಿಗಳ ಹತ್ತಿರ ಬಟ್ಟೆ ಜೋತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಉಳಿದ ಬಟ್ಟೆಯನ್ನು ಮೇಸ್ತ್ರಿಯ ಹತ್ತಿರ ಬಿಡದೆ ಕೇಳಿ ತೆಗೆದುಕೊಳ್ಳಿ. ಅರ್ಧ ಮೀಟರ್ ಇದ್ದರೂ ಸಾಕು. ಕಾಲುಹಲಗೆಯ ಮುಂದಿನ ಅಂಚಿಗೆ ಚಪ್ಪಲಿ ಬಿಡದೆ ಕಾಲು ಚಾಚುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಮೊದಲ ತೇಪೆ ಬೀಳುವುದು ಅಲ್ಲಿಗೇ.